ಜ್ವರವಿಲ್ಲದ ಸೋಂಕು: ಬದಲಿ ಭುಜದ ಕೀಲಿನಲ್ಲಿ ಅಡಗುವ ರೋಗಾಣು ಮತ್ತು ಅದರ ಚಿಕಿತ್ಸೆ

ಸೋಂಕು ಎಂದೊಡನೆ ಜ್ವರ, ಬಾವು, ಕೆಂಪು, ಕೀವು ನೆನಪಿಗೆ ಬರುತ್ತವೆ. ಬದಲಿ ಕೀಲು ಅಳವಡಿಸಿದ ಭುಜದಲ್ಲಿ ಸೋಂಕು ಬಹಳ ಸಲ ಇವುಗಳಲ್ಲಿ ಯಾವುದನ್ನೂ ತೋರಿಸುವುದಿಲ್ಲ. ಶಸ್ತ್ರಚಿಕಿತ್ಸೆಯಾಗಿ ಒಂದೆರಡು ವರ್ಷ ಕಳೆದಿರುತ್ತದೆ, ಗಾಯ ನಯವಾಗಿ ಮಾಗಿರುತ್ತದೆ, ರಕ್ತಪರೀಕ್ಷೆಯ ಅಂಕಿಗಳೆಲ್ಲ ಮಿತಿಯೊಳಗೇ ಇರುತ್ತವೆ; ಆದರೆ ತಲೆ ಬಾಚುವಷ್ಟು ಮೇಲೇರುತ್ತಿದ್ದ ಕೈ ಈಗ ಏರುವುದಿಲ್ಲ, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನೋವು. ವ್ಯಾಯಾಮ ಸರಿಯಾಗಿ ಮಾಡಿಲ್ಲವೆಂಬ ಆಕ್ಷೇಪವನ್ನು ರೋಗಿ ಕೇಳಬೇಕಾಗುತ್ತದೆ, ನೋವಿನ ಮಾತ್ರೆ ಬದಲಾಗುತ್ತದೆ, ಕೆಲವೊಮ್ಮೆ ಯಾರೋ ‘ಯಾವುದಕ್ಕೂ ಇರಲಿ’ ಎಂದು ಒಂದು ಕೋರ್ಸ್ ಆ್ಯಂಟಿಬಯೋಟಿಕ್ ಬರೆದುಕೊಡುತ್ತಾರೆ. ಈ ಕೊನೆಯ ಹೆಜ್ಜೆ ಒಳ್ಳೆಯ ಉದ್ದೇಶದಿಂದಲೇ ಇಟ್ಟದ್ದಾದರೂ ಮುಂದಿನ ಚಿಕಿತ್ಸೆಯ ದಾರಿಯನ್ನೇ ಮಸುಕುಗೊಳಿಸಬಲ್ಲದು. ಅದು ಹೇಗೆಂದು ತಿಳಿಯಲು ಈ ಸೋಂಕು ಎಲ್ಲಿಂದ ಬರುತ್ತದೆ, ಲೋಹಕ್ಕೆ ಹೇಗೆ ಅಂಟಿಕೊಳ್ಳುತ್ತದೆ, ಅದನ್ನು ಯಾವ ರೀತಿ ಪತ್ತೆಹಚ್ಚುತ್ತಾರೆ ಎಂಬುದನ್ನು ಮೊದಲು ನೋಡಬೇಕು.

ಭುಜದ ಕೀಲು ಬದಲಿ ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ತೋಳಿನ ಮೂಳೆಯ ಸವೆದ ತಲೆಯ ಜಾಗದಲ್ಲಿ ಲೋಹದ ಗೋಲವನ್ನೂ ಹೆಗಲಮೂಳೆಯ ಕುಳಿಗೆ ಪ್ಲಾಸ್ಟಿಕ್ಕಿನ ಬಟ್ಟಲನ್ನೂ ಕೂರಿಸುವುದು ಒಂದು ಬಗೆ. ಇವೆರಡರ ಸ್ಥಾನವನ್ನು ಅದಲುಬದಲು ಮಾಡಿ, ಗೋಲವನ್ನು ಹೆಗಲಮೂಳೆಗೂ ಬಟ್ಟಲನ್ನು ತೋಳಿನ ಮೂಳೆಗೂ ಜೋಡಿಸುವ ‘ರಿವರ್ಸ್’ ಕೀಲು ಇನ್ನೊಂದು ಬಗೆ. ಫ್ರಾನ್ಸಿನ ಪಾಲ್ ಗ್ರಾಮಾಂಟ್ 1985ರಲ್ಲಿ ರೂಪಿಸಿದ ವಿನ್ಯಾಸದಿಂದ ಇದು ಬೆಳೆದು ಬಂದಿತು. ಕೈಯನ್ನು ಎತ್ತಿ ತಿರುಗಿಸುವ ರೊಟೇಟರ್ ಕಫ್ ಸ್ನಾಯುಗಳು ಹರಿದುಹೋದವರಲ್ಲಿ ರಿವರ್ಸ್ ಕೀಲೇ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅದು ಹೊರಗಿನ ಡೆಲ್ಟಾಯ್ಡ್ ಸ್ನಾಯುವಿನ ಬಲದಿಂದಲೇ ಕೈಯನ್ನು ಎತ್ತುತ್ತದೆ. ಆದರೆ ಈ ರಚನೆಯಲ್ಲಿ ಕೀಲಿನ ಸುತ್ತ ಖಾಲಿ ಜಾಗ ಹೆಚ್ಚು ಉಳಿಯುತ್ತದೆ, ಅಲ್ಲಿ ರಕ್ತ ಶೇಖರವಾಗುತ್ತದೆ, ನಿಂತ ರಕ್ತ ರೋಗಾಣುಗಳಿಗೆ ಆಹಾರವಾಗುತ್ತದೆ. ಮೊದಲ ಬಾರಿಯ ಶಸ್ತ್ರಚಿಕಿತ್ಸೆಯ ನಂತರ ಸುಮಾರು ನೂರರಲ್ಲಿ ಒಬ್ಬರಿಗೆ ಸೋಂಕು ತಗುಲುತ್ತದೆಂದು ಸ್ಥೂಲವಾಗಿ ಹೇಳಬಹುದು. ಅದೇ ಭುಜವನ್ನು ಎರಡನೆಯ, ಮೂರನೆಯ ಬಾರಿ ತೆರೆದಾಗ ಈ ಪ್ರಮಾಣ ಹಲವು ಪಟ್ಟು ಏರುತ್ತದೆ.

ಚರ್ಮದೊಳಗಿನ ನಿವಾಸಿ

ಸೊಂಟ ಮತ್ತು ಮಂಡಿಯ ಬದಲಿ ಕೀಲುಗಳಲ್ಲಿ ಸೋಂಕಿಗೆ ಹೆಚ್ಚಾಗಿ ಕಾರಣವಾಗುವುದು ಸ್ಟೆಫಿಲೊಕಾಕಸ್ ಕುಲದ ಬ್ಯಾಕ್ಟೀರಿಯಾಗಳು. ಭುಜದಲ್ಲಿ ಇವುಗಳ ಜೊತೆಗೆ, ಎಷ್ಟೋ ವೇಳೆ ಇವುಗಳಿಗಿಂತ ಹೆಚ್ಚಾಗಿ, ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುತ್ತದೆ. ಹದಿಹರೆಯದವರ ಮೊಡವೆಗಳ ಜೊತೆ ಹೆಸರು ಹಂಚಿಕೊಂಡಿರುವ ಈ ಜೀವಿಯನ್ನು 2016ರವರೆಗೆ ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್ ಎನ್ನುತ್ತಿದ್ದರು. ಹಳೆಯ ಲ್ಯಾಬ್ ವರದಿಗಳಲ್ಲಿ ಆ ಹೆಸರೇ ಇರುವುದರಿಂದ ಎರಡೂ ಒಂದೇ ಎಂದು ತಿಳಿದಿದ್ದರೆ ಒಳ್ಳೆಯದು.

ಇದು ಹೊರಗಿನಿಂದ ಬರುವ ಶತ್ರುವಲ್ಲ. ಆರೋಗ್ಯವಂತರ ಚರ್ಮದಲ್ಲಿ, ಅದರಲ್ಲೂ ಎಣ್ಣೆ ಗ್ರಂಥಿಗಳು ದಟ್ಟವಾಗಿರುವ ಮುಖ, ಎದೆ, ಬೆನ್ನಿನ ಮೇಲ್ಭಾಗ ಮತ್ತು ಭುಜದಲ್ಲಿ ಇದು ಸದಾ ವಾಸಿಸುತ್ತದೆ. ಹೆಂಗಸರಿಗಿಂತ ಗಂಡಸರ ಭುಜದಲ್ಲಿ ಇದರ ಸಂಖ್ಯೆ ಹೆಚ್ಚು. ಸೋಂಕು ಸಹ ಗಂಡಸರಲ್ಲೇ ಹೆಚ್ಚು. ಅದು ಚರ್ಮದ ಮೇಲ್ಮೈಯಲ್ಲಿ ಕುಳಿತಿರದೆ ಕೂದಲಿನ ಬುಡದಲ್ಲೂ ಎಣ್ಣೆ ಗ್ರಂಥಿಗಳ ಆಳದಲ್ಲೂ ಅಡಗಿರುವುದೇ ಮೂಲ ಸಮಸ್ಯೆ. ಶಸ್ತ್ರಚಿಕಿತ್ಸೆಗೆ ಮುನ್ನ ಕ್ಲೋರ್‌ಹೆಕ್ಸಿಡಿನ್ ಮತ್ತು ಆಲ್ಕೋಹಾಲ್ ಮಿಶ್ರಣದಿಂದ ಎಷ್ಟು ಒರೆಸಿದರೂ ಮೇಲ್ಮೈ ಶುದ್ಧವಾಗುತ್ತದೆಯೇ ಹೊರತು ಆಳದ ನಿವಾಸಿಗಳು ಪೂರ್ತಿ ಸಾಯುವುದಿಲ್ಲ. ಚಾಕು ಚರ್ಮವನ್ನು ಸೀಳಿದಾಗ ಆ ಗ್ರಂಥಿಗಳೂ ಸೀಳಿ, ರೋಗಾಣುಗಳು ಗಾಯದೊಳಕ್ಕೆ, ಕೈಗವಸಿಗೆ, ಉಪಕರಣಗಳಿಗೆ ದಾಟಿಕೊಳ್ಳುತ್ತವೆ. ಚರ್ಮ ಕೊಯ್ದ ಚಾಕುವನ್ನು ಬದಿಗಿಟ್ಟು ಒಳಗಿನ ಕೆಲಸಕ್ಕೆ ಹೊಸ ಚಾಕುವನ್ನು ತೆಗೆದುಕೊಳ್ಳುವ ಪದ್ಧತಿ ಅನೇಕ ಭುಜ ಶಸ್ತ್ರವೈದ್ಯರಲ್ಲಿ ಬೆಳೆದುಬಂದಿರುವುದು ಈ ಕಾರಣಕ್ಕೇ.

ಆಮ್ಲಜನಕ ಕಡಿಮೆ ಇರುವ ಜಾಗದಲ್ಲಿ ಚೆನ್ನಾಗಿ ಬದುಕುವ ಈ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯನ್ನು ಅದು ದೊಡ್ಡದಾಗಿ ಕೆರಳಿಸುವುದಿಲ್ಲ. ಆದ್ದರಿಂದಲೇ ಜ್ವರವಿಲ್ಲ, ಕೀವಿಲ್ಲ. ಇರುವುದು ನೋವು, ಬಿಗಿತ, ಕೆಲವೊಮ್ಮೆ ಎಕ್ಸ್‌ರೇಯಲ್ಲಿ ಕಾಣುವಂತೆ ಮೂಳೆಯೊಳಗಿನ ಲೋಹದ ದಂಡದ ಸುತ್ತ ಮೂಡುವ ಕಪ್ಪು ಗೆರೆ, ಅಂದರೆ ಇಂಪ್ಲಾಂಟ್ (ಒಳಗೆ ಅಳವಡಿಸಿದ ಕೃತಕ ಕೀಲು) ಸಡಿಲವಾಗಿರುವ ಸೂಚನೆ.

ಒಂದು ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಅಷ್ಟು ಸಾಧುವಾದ ರೋಗಾಣುವನ್ನು ಸಾಧಾರಣ ಪೆನಿಸಿಲಿನ್ ಕೂಡ ಕೊಲ್ಲಬಲ್ಲದಾದರೆ, ಕೀಲಿನೊಳಗೆ ಅದೇಕೆ ವರ್ಷಗಟ್ಟಲೆ ಉಳಿಯುತ್ತದೆ? ಉತ್ತರ ಲೋಹದ ಮೇಲ್ಮೈಯಲ್ಲಿದೆ. ದೇಹದೊಳಗೆ ಇಟ್ಟ ಲೋಹ ಮತ್ತು ಪ್ಲಾಸ್ಟಿಕ್ಕಿಗೆ ರಕ್ತಸಂಚಾರ ಇಲ್ಲ. ಅದರ ಮೇಲ್ಮೈಯನ್ನು ಮೊದಲು ಆಕ್ರಮಿಸಿಕೊಳ್ಳಲು ದೇಹದ ಜೀವಕೋಶಗಳಿಗೂ ಬ್ಯಾಕ್ಟೀರಿಯಾಗಳಿಗೂ ಪೈಪೋಟಿ ನಡೆಯುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಆಂಥನಿ ಗ್ರಿಸ್ಟಿನಾ 1987ರಲ್ಲಿ ವಿವರಿಸಿದರು. ಬ್ಯಾಕ್ಟೀರಿಯಾಗಳು ಗೆದ್ದರೆ ಅವು ತಮ್ಮ ಸುತ್ತ ಅಂಟಂಟಾದ ಪೊರೆಯೊಂದನ್ನು ನೇಯ್ದುಕೊಳ್ಳುತ್ತವೆ. ಇದನ್ನೇ ಬಯೋಫಿಲ್ಮ್ ಎನ್ನುತ್ತಾರೆ. ಕಲ್ಯಾಣಿಯ ಮೆಟ್ಟಿಲಿಗೆ ಹತ್ತಿದ ಪಾಚಿಯ ಮೇಲೆ ಎಷ್ಟು ಕೊಡ ನೀರು ಸುರಿದರೂ ಅದು ಹೋಗದೆ, ಉಜ್ಜಿಯೇ ತೆಗೆಯಬೇಕಾಗುವಂತೆ, ಈ ಪೊರೆಯೂ ಔಷಧ ಸುರಿದ ಮಾತ್ರಕ್ಕೆ ಬಿಟ್ಟುಕೊಡುವುದಿಲ್ಲ. ಒಳಗಿನ ಬ್ಯಾಕ್ಟೀರಿಯಾಗಳು ಬೆಳವಣಿಗೆಯನ್ನೇ ನಿಧಾನಿಸಿ ಒಂದು ಬಗೆಯ ನಿದ್ರಾವಸ್ಥೆಗೆ ಜಾರುತ್ತವೆ. ಬೆಳೆಯುತ್ತಿರುವ ಜೀವಕೋಶಗಳ ಮೇಲೆಯೇ ಹೆಚ್ಚಿನ ಆ್ಯಂಟಿಬಯೋಟಿಕ್‌ಗಳು ಕೆಲಸ ಮಾಡುವುದರಿಂದ ನಿದ್ರಿಸುವವು ಪಾರಾಗುತ್ತವೆ. ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲಲು ಸಾಕಾಗುವ ಔಷಧದ ಪ್ರಮಾಣದ ಸಾವಿರ ಪಟ್ಟು ಕೊಟ್ಟರೂ ಪೊರೆಯೊಳಗಿನವು ಉಳಿಯಬಲ್ಲವು. ಮಾತ್ರೆ ನುಂಗುತ್ತಿರುವಷ್ಟು ದಿನ ನೋವು ತಗ್ಗಿ, ನಿಲ್ಲಿಸಿದೊಡನೆ ಮರಳುವ ಅನುಭವ ರೋಗಿಗಳಿಗೆ ಆಗುವುದು ಇದರಿಂದ.

ಔಷಧಕ್ಕೆ ಮೊದಲು ಸಾಕ್ಷ್ಯ

ಚಿಕಿತ್ಸೆಯ ಅರ್ಧ ಭಾಗ ಪತ್ತೆಹಚ್ಚುವುದರಲ್ಲೇ ಇದೆ ಎಂಬುದು ಈ ಲೇಖನದ ಮುಖ್ಯ ಮಾತು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಗತ್ಯ.

ಮೊದಲು ಒಂದು ಅಪವಾದವನ್ನು ಬದಿಗಿರಿಸೋಣ. ಚಳಿಜ್ವರ ಬಂದು, ರಕ್ತದೊತ್ತಡ ಕುಸಿದು, ಭುಜ ಕೆಂಪಗೆ ಊದಿಕೊಂಡು, ಗಾಯದಿಂದ ಕೀವು ಸೋರುತ್ತಿದ್ದರೆ ಅದು ತುರ್ತುಸ್ಥಿತಿ. ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ರಕ್ತದ ಮತ್ತು ಕೀಲಿನ ದ್ರವದ ಮಾದರಿ ತೆಗೆದು ತಕ್ಷಣ ಔಷಧ ಆರಂಭಿಸುತ್ತಾರೆ. ಇಂಥ ಸೋಂಕಿನ ಹಿಂದೆ ಸಾಮಾನ್ಯವಾಗಿ ಸ್ಟೆಫಿಲೊಕಾಕಸ್ ಆರಿಯಸ್‌ನಂತಹ ಉಗ್ರ ರೋಗಾಣು ಇರುತ್ತದೆ. ಮಂದಗತಿಯ ನೋವಿನ ಭುಜಕ್ಕೆ ಆ ಆತುರ ಸಲ್ಲದು. ಅಲ್ಲಿ ಕೆಲವು ವಾರ ಕಾದರೆ ಆಗುವ ನಷ್ಟಕ್ಕಿಂತ, ಮಾದರಿ ತೆಗೆಯುವ ಮೊದಲೇ ನುಂಗಿದ ಆ್ಯಂಟಿಬಯೋಟಿಕ್‌ನಿಂದ ಆಗುವ ನಷ್ಟ ದೊಡ್ಡದು. ಏಕೆಂದರೆ ಆ ಔಷಧ ಪೊರೆಯೊಳಗಿನ ರೋಗಾಣುವನ್ನು ಕೊಲ್ಲದಿದ್ದರೂ, ಲ್ಯಾಬ್‌ನಲ್ಲಿ ಅದು ಬೆಳೆಯದಂತೆ ಮಾಡುವಷ್ಟು ಶಕ್ತವಾಗಿರುತ್ತದೆ. ಹಾಗಾದಾಗ ಸೋಂಕು ಇದ್ದೂ ವರದಿ ‘ಬೆಳವಣಿಗೆ ಇಲ್ಲ’ ಎಂದು ಬರುತ್ತದೆ, ಯಾವ ಔಷಧ ಕೊಡಬೇಕೆಂಬುದು ಊಹೆಯ ಮಾತಾಗುತ್ತದೆ. ಮೊದಲೇ ಔಷಧ ತೆಗೆದುಕೊಂಡವರಿಗೆ, ಸ್ಥಿತಿ ಅನುಮತಿಸಿದರೆ, ಕನಿಷ್ಠ 2 ವಾರ ಅದನ್ನು ನಿಲ್ಲಿಸಿ ಆಮೇಲೆ ಮಾದರಿ ತೆಗೆಯುವುದು ವಾಡಿಕೆ. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆಯೂ ಆ್ಯಂಟಿಬಯೋಟಿಕ್ ಸಿಕ್ಕಿಬಿಡುವ ನಮ್ಮ ಊರುಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಬದಲಿ ಕೀಲು ಇರುವವರು ಗಂಟಲುನೋವಿಗೆಂದು ನುಂಗಿದ ಮಾತ್ರೆಯನ್ನೂ ಡಾಕ್ಟರಿಗೆ ಹೇಳಬೇಕು.

ದೇಹದಲ್ಲಿ ಉರಿಯೂತ ಇದೆಯೇ ಎಂದು ಸೂಚಿಸುವ ಇಎಸ್ಆರ್ ಮತ್ತು ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳನ್ನು ಎಲ್ಲರಿಗೂ ಮಾಡಿಸುತ್ತಾರೆ. ಅವು ಏರಿದ್ದರೆ ಅನುಮಾನ ಬಲಗೊಳ್ಳುತ್ತದೆ, ಏರದಿದ್ದರೆ ಸೋಂಕಿಲ್ಲ ಎಂದು ತೀರ್ಮಾನಿಸುವಂತಿಲ್ಲ; ಕ್ಯುಟಿಬ್ಯಾಕ್ಟೀರಿಯಂ ಸೋಂಕಿನಲ್ಲಿ ಇವೆರಡೂ ಸಹಜವಾಗಿರುವುದು ತೀರ ಸಾಮಾನ್ಯ. ಕೀಲಿನೊಳಗೆ ಸೂಜಿ ಹಾಕಿ ದ್ರವ ತೆಗೆದು ಅದರಲ್ಲಿನ ಬಿಳಿ ರಕ್ತಕಣಗಳನ್ನು ಎಣಿಸುವುದು, ಲ್ಯಾಬ್‌ನಲ್ಲಿ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಕಳುಹಿಸುವುದು ಮುಂದಿನ ಹೆಜ್ಜೆ. ಭುಜದಲ್ಲಿ ಹಲವು ಬಾರಿ ದ್ರವವೇ ಸಿಗುವುದಿಲ್ಲ, ಸಿಕ್ಕರೂ ಪೊರೆಯಲ್ಲಿ ಅಂಟಿ ಕುಳಿತ ರೋಗಾಣು ಅದರಲ್ಲಿ ತೇಲುತ್ತಿರಬೇಕೆಂದಿಲ್ಲ. ಅನುಮಾನ ಉಳಿದಾಗ ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ ಅಂಗಾಂಶದ ತುಣುಕುಗಳನ್ನೇ ತೆಗೆಯುವ ಆರ್ಥ್ರೋಸ್ಕೋಪಿ ಬಯಾಪ್ಸಿ ಹೆಚ್ಚು ನಂಬಲರ್ಹ.

ಮರುಶಸ್ತ್ರಚಿಕಿತ್ಸೆಯ ವೇಳೆ ಕೀಲಿನ ಬೇರೆ ಬೇರೆ ಭಾಗಗಳಿಂದ, ಪ್ರತಿ ಬಾರಿಯೂ ಶುದ್ಧ ಉಪಕರಣ ಬಳಸಿ, ಸುಮಾರು 5 ಅಂಗಾಂಶದ ಮಾದರಿಗಳನ್ನು ತೆಗೆಯುತ್ತಾರೆ. ಅಷ್ಟೊಂದು ಮಾದರಿ ಏಕೆಂದರೆ, ಚರ್ಮದಲ್ಲೇ ವಾಸಿಸುವ ಬ್ಯಾಕ್ಟೀರಿಯಾ ಒಂದೇ ಮಾದರಿಯಲ್ಲಿ ಕಂಡರೆ ಅದು ಕೀಲಿನದೋ, ತೆಗೆಯುವಾಗ ಚರ್ಮದಿಂದ ತಗುಲಿದ್ದೋ ಹೇಳಲಾಗದು. ಎರಡು ಮೂರು ಮಾದರಿಗಳಲ್ಲಿ ಅದೇ ಬ್ಯಾಕ್ಟೀರಿಯಾ ಬೆಳೆದರೆ ಆಕಸ್ಮಿಕವೆನ್ನುವುದು ಕಷ್ಟ. ಲ್ಯಾಬ್‌ನಲ್ಲಿ ಈ ಮಾದರಿಗಳನ್ನು ಆಮ್ಲಜನಕ ಇರುವ ಮತ್ತು ಇಲ್ಲದ ಎರಡೂ ವಾತಾವರಣದಲ್ಲಿ 14 ದಿನಗಳವರೆಗೆ ಇರಿಸಬೇಕು. ಸಾಮಾನ್ಯ ಕಲ್ಚರ್‌ಗಳನ್ನು 5 ದಿನಗಳಿಗೆ ಮುಗಿಸುವ ಪದ್ಧತಿಯಿರುವ ಲ್ಯಾಬ್‌ಗೆ ಕೀಲಿನ ಮಾದರಿಯನ್ನು ಯಾವ ಸೂಚನೆಯೂ ಇಲ್ಲದೆ ಕಳುಹಿಸಿದರೆ, ಹತ್ತನೆಯ ದಿನ ಬೆಳೆಯಬೇಕಾಗಿದ್ದ ರೋಗಾಣು ಕಸದ ಬುಟ್ಟಿ ಸೇರುತ್ತದೆ. ಮಾದರಿಯ ಜೊತೆಗಿನ ಚೀಟಿಯಲ್ಲಿ ‘14 ದಿನ ಇರಿಸಿ’ ಎಂದು ಬರೆಯುವ ಒಂದು ಸಾಲು ಎಷ್ಟೋ ದುಬಾರಿ ಸ್ಕ್ಯಾನ್‌ಗಳಿಗಿಂತ ಬೆಲೆಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಅದೇ ವೇಳೆ ಒಂದು ತುಣುಕನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೂ ಕಳುಹಿಸುತ್ತಾರೆ. ಭಾರತದಂತಹ ದೇಶದಲ್ಲಿ ಕ್ಷಯರೋಗದ ಪರೀಕ್ಷೆಯನ್ನೂ ಮರೆಯುವಂತಿಲ್ಲ. ಮೂಳೆ ಮತ್ತು ಕೀಲಿನ ಕ್ಷಯವೂ ಇದೇ ರೀತಿ ಸದ್ದಿಲ್ಲದೆ ಬೆಳೆಯುವ ಸೋಂಕು.

ಇಷ್ಟೆಲ್ಲ ಪರೀಕ್ಷೆಗಳ ಫಲಿತಾಂಶ ಒಂದಕ್ಕೊಂದು ಹೊಂದದೆ ಇದ್ದಾಗ ಏನೆಂದು ತೀರ್ಮಾನಿಸುವುದು? 2018ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರ ಸಭೆ ಭುಜಕ್ಕೆಂದೇ ಒಂದು ಮಾನದಂಡವನ್ನು ರೂಪಿಸಿತು. ಚರ್ಮದಿಂದ ಇಂಪ್ಲಾಂಟ್‌ವರೆಗೆ ಸೋರುವ ನಾಳ ಇದ್ದರೆ, ಕೀಲಿನೊಳಗೆ ಕಣ್ಣಿಗೆ ಕಾಣುವ ಕೀವು ಇದ್ದರೆ, ಅಥವಾ ಎರಡು ಮಾದರಿಗಳಲ್ಲಿ ಒಂದೇ ಉಗ್ರ ರೋಗಾಣು ಬೆಳೆದರೆ ಸೋಂಕು ಖಚಿತ. ಇಲ್ಲವಾದರೆ ಸಡಿಲವಾದ ಇಂಪ್ಲಾಂಟ್, ಏರಿದ ಸಿಆರ್‌ಪಿ, ಮಬ್ಬಾದ ದ್ರವ, ಸೌಮ್ಯ ರೋಗಾಣುವಿನ ಬೆಳವಣಿಗೆ ಮುಂತಾದ ಒಂದೊಂದಕ್ಕೂ ಅಂಕ ಕೊಟ್ಟು, ಮೊತ್ತವನ್ನು ನೋಡಿ ‘ಸಂಭವನೀಯ’, ‘ಸಾಧ್ಯತೆ ಇದೆ’ ಅಥವಾ ‘ಅಸಂಭವ’ ಎಂದು ವರ್ಗೀಕರಿಸುತ್ತಾರೆ. ಸೊಂಟ ಮತ್ತು ಮಂಡಿಗೆ ಮಾಡಿದ ನಿಯಮಗಳನ್ನು ಭುಜಕ್ಕೆ ಹೇರುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ವಾಸಿ.

ಉಳಿಸುವುದೋ, ತೆಗೆಯುವುದೋ

ಶಸ್ತ್ರಚಿಕಿತ್ಸೆಯಾದ ಮೊದಲ ಕೆಲವು ವಾರಗಳಲ್ಲೇ ಸೋಂಕು ತಲೆದೋರಿದರೆ, ಅಥವಾ ಚೆನ್ನಾಗಿದ್ದ ಕೀಲಿಗೆ ದೇಹದ ಬೇರೆಡೆಯಿಂದ ರಕ್ತದ ಮೂಲಕ ರೋಗಾಣು ಬಂದು ಲಕ್ಷಣಗಳು ಆರಂಭವಾಗಿ ಎರಡು ಮೂರು ವಾರ ಮಾತ್ರ ಆಗಿದ್ದರೆ, ಇಂಪ್ಲಾಂಟನ್ನು ಉಳಿಸಿಕೊಳ್ಳುವ ಪ್ರಯತ್ನಕ್ಕೆ ಅರ್ಥವಿದೆ. ಬಯೋಫಿಲ್ಮ್ ಆಗಿನ್ನೂ ಬಲಿತಿರುವುದಿಲ್ಲ. ಭುಜವನ್ನು ಮತ್ತೆ ತೆರೆದು, ಸತ್ತ ಮತ್ತು ಸೋಂಕಿತ ಅಂಗಾಂಶವನ್ನೆಲ್ಲ ಕತ್ತರಿಸಿ ತೆಗೆದು, ಹಲವು ಲೀಟರ್ ಲವಣಜಲದಿಂದ ತೊಳೆದು, ಬಿಡಿಸಿ ಬದಲಿಸಬಹುದಾದ ಪ್ಲಾಸ್ಟಿಕ್ ಬಟ್ಟಲು ಮತ್ತು ಲೋಹದ ಗೋಲವನ್ನು ಹೊಸದಾಗಿ ಹಾಕುತ್ತಾರೆ. ಮೂಳೆಗೆ ಬಿಗಿಯಾಗಿ ಕೂತ ಭಾಗಗಳನ್ನು ಹಾಗೆಯೇ ಬಿಡುತ್ತಾರೆ. ಆಮೇಲೆ ವಾರಗಟ್ಟಲೆ ಆ್ಯಂಟಿಬಯೋಟಿಕ್. ಬಿಡಿಭಾಗಗಳನ್ನು ಬದಲಿಸದೆ ಬರಿದೇ ತೊಳೆದರೆ ಅವುಗಳ ಸಂದಿಯಲ್ಲಿ ಅಡಗಿದ ರೋಗಾಣುಗಳು ಉಳಿದೇ ಉಳಿಯುತ್ತವೆ. ತಿಂಗಳುಗಳಿಂದ ಹೊಗೆಯಾಡುತ್ತಿರುವ ಸೋಂಕಿಗೆ ಈ ವಿಧಾನ ಸೋಲುವ ಸಂಭವವೇ ಹೆಚ್ಚು.

ಹಳೆಯ ಸೋಂಕಿಗೆ ಲೋಹವನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ. ಈ ಸತ್ಯ ಭುಜದ ಕೀಲು ಬದಲಿ ಶಸ್ತ್ರಚಿಕಿತ್ಸೆಯಷ್ಟೇ ಹಳೆಯದು. 1893ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಜೂಲ್ ಎಮಿಲ್ ಪಿಯಾನ್, ಕ್ಷಯರೋಗದಿಂದ ಭುಜ ಹಾಳಾದ 37 ವರ್ಷದ ಬೇಕರಿ ಕೆಲಸಗಾರನೊಬ್ಬನಿಗೆ ಪ್ಲಾಟಿನಂ ಮತ್ತು ಗಟ್ಟಿಗೊಳಿಸಿದ ರಬ್ಬರಿನಿಂದ ಮಾಡಿದ ಕೃತಕ ಕೀಲನ್ನು ಅಳವಡಿಸಿದ; ಅದನ್ನು ತಯಾರಿಸಿಕೊಟ್ಟವನು ಒಬ್ಬ ದಂತವೈದ್ಯ. ಕೈ ಕೆಲಸಕ್ಕೆ ಬಂದಿತಾದರೂ ಸೋಂಕು ಮರುಕಳಿಸಿ, ಸುಮಾರು ಎರಡು ವರ್ಷಗಳ ನಂತರ ಆ ಕೀಲನ್ನು ತೆಗೆಯಬೇಕಾಯಿತು. ಆ್ಯಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ.

ಇಂದು ತೆಗೆದ ಮೇಲೆ ಮತ್ತೆ ಹಾಕುವುದಕ್ಕೆ ಎರಡು ದಾರಿಗಳಿವೆ. ಎರಡು ಹಂತದ ವಿಧಾನದಲ್ಲಿ ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಹಳೆಯ ಕೀಲು, ಅದನ್ನು ಮೂಳೆಗೆ ಬಿಗಿಯಲು ಬಳಸಿದ್ದ ಬೋನ್ ಸಿಮೆಂಟಿನ ಪ್ರತಿಯೊಂದು ಚೂರು, ಸೋಂಕಿತ ಅಂಗಾಂಶ ಎಲ್ಲವನ್ನೂ ತೆಗೆದು, ಆ ಜಾಗದಲ್ಲಿ ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟಿನಿಂದ ಮಾಡಿದ ತಾತ್ಕಾಲಿಕ ಕೀಲನ್ನು ಇಡುತ್ತಾರೆ. ಆಸ್ಪತ್ರೆಗಳಲ್ಲಿ ಇದಕ್ಕೆ ಸ್ಪೇಸರ್ ಎನ್ನುವುದು ರೂಢಿ. ಸ್ನಾಯುಗಳು ಕುಗ್ಗಿ ಜಾಗ ಮುಚ್ಚಿಹೋಗದಂತೆ ಅದು ತಡೆಯುತ್ತದೆ. ಜೊತೆಗೆ ರಕ್ತದ ಮೂಲಕ ಎಂದೂ ತಲುಪಿಸಲಾಗದಷ್ಟು ಗಾಢ ಪ್ರಮಾಣದ ಔಷಧವನ್ನು ಕೀಲಿನೊಳಗೇ, ವಿಶೇಷವಾಗಿ ಮೊದಲ ಕೆಲವು ದಿನಗಳಲ್ಲಿ, ಬಿಡುಗಡೆ ಮಾಡುತ್ತದೆ. ಸಿಮೆಂಟು ಗಟ್ಟಿಯಾಗುವಾಗ ಬಿಸಿಯೇರುವುದರಿಂದ ಆ ಶಾಖಕ್ಕೆ ಕೆಡದ ಜೆಂಟಮೈಸಿನ್, ಟೊಬ್ರಮೈಸಿನ್, ವ್ಯಾಂಕೊಮೈಸಿನ್‌ನಂತಹ ಔಷಧಗಳನ್ನೇ ಬೆರೆಸಬೇಕು. ಸುಮಾರು 6 ವಾರಗಳ ಔಷಧದ ನಂತರ, ಹೆಚ್ಚಾಗಿ ಇನ್ನೊಂದೆರಡು ವಾರ ಔಷಧವಿಲ್ಲದೆ ಕಾದು, ಗಾಯ ಒಣಗಿರುವುದನ್ನೂ ರಕ್ತದ ಅಂಕಿಗಳು ಇಳಿದಿರುವುದನ್ನೂ ನೋಡಿ, ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಹೊಸ ಕೀಲು ಹಾಕುತ್ತಾರೆ. ಇಷ್ಟರಲ್ಲಿ ರೊಟೇಟರ್ ಕಫ್ ಸ್ನಾಯುಗಳು ಉಳಿದಿರುವುದು ಅಪರೂಪವಾದ್ದರಿಂದ ಹಾಕುವುದು ಸಾಮಾನ್ಯವಾಗಿ ರಿವರ್ಸ್ ಕೀಲು.

ಒಂದೇ ಹಂತದ ವಿಧಾನದಲ್ಲಿ ತೆಗೆಯುವುದು, ತೊಳೆಯುವುದು, ಹೊಸದನ್ನು ಹಾಕುವುದು ಎಲ್ಲವೂ ಒಂದೇ ದಿನ ನಡೆಯುತ್ತವೆ. ಹ್ಯಾಂಬರ್ಗ್‌ನ ಹಾನ್ಸ್ ವಿಲ್ಹೆಲ್ಮ್ ಬುಖ್‌ಹೋಲ್ಟ್ಸ್ 1970ರ ಸುಮಾರಿಗೆ ಜೆಂಟಮೈಸಿನ್ ಬೆರೆಸಿದ ಸಿಮೆಂಟನ್ನು ಬಳಕೆಗೆ ತಂದು ಸೊಂಟದ ಕೀಲುಗಳಲ್ಲಿ ಈ ಕ್ರಮಕ್ಕೆ ಬುನಾದಿ ಹಾಕಿದರು. ಹಳೆಯ ಅಂಗಾಂಶವನ್ನು ನಿಷ್ಠುರವಾಗಿ ತೆಗೆದ ಮೇಲೆ ತಂಡ ಗೌನು ಮತ್ತು ಕೈಗವಸು ಬದಲಿಸಿ, ಹೊಸ ಬಟ್ಟೆ ಹಾಸಿ, ಹೊಸ ಉಪಕರಣಗಳೊಂದಿಗೆ ಎರಡನೆಯ ಭಾಗವನ್ನು ಆರಂಭಿಸುತ್ತದೆ. ರೋಗಾಣು ಯಾವುದೆಂದು ಮೊದಲೇ ಗೊತ್ತಿದ್ದು, ಅದಕ್ಕೆ ಒಗ್ಗುವ ಔಷಧವಿದ್ದು, ಮೂಳೆ ಮತ್ತು ಮೇಲಿನ ಚರ್ಮ ಚೆನ್ನಾಗಿದ್ದರೆ ಈ ದಾರಿ ಸೂಕ್ತ.

ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಮುಗಿದಿಲ್ಲ. ಬಹುಕಾಲ ಎರಡು ಹಂತದ ವಿಧಾನವನ್ನೇ ಪ್ರಮಾಣವೆಂದು ಭಾವಿಸಿದ್ದರು. ಆದರೆ ಭುಜದಲ್ಲಿ ಒಂದೇ ಹಂತದಲ್ಲೂ ಸೋಂಕು ವಾಸಿಯಾಗುವ ಪ್ರಮಾಣ ಅದಕ್ಕೆ ಸರಿಸಮವೆಂದು ಅನೇಕ ವರದಿಗಳು ಬಂದಿವೆ. ಇವನ್ನು ಓದುವಾಗ ಎಚ್ಚರ ಬೇಕು: ಒಂದೇ ಹಂತಕ್ಕೆ ಆಯ್ಕೆಯಾಗುವವರು ಮೊದಲೇ ಸ್ವಲ್ಪ ವಾಸಿ ಸ್ಥಿತಿಯಲ್ಲಿರುತ್ತಾರೆ, ಕಠಿಣ ರೋಗಾಣು ಮತ್ತು ಹಾಳಾದ ಮೂಳೆ ಇರುವವರನ್ನು ಎರಡು ಹಂತಕ್ಕೆ ಕಳುಹಿಸುತ್ತಾರೆ. ಇನ್ನೊಂದು ಕಡೆ, ಎರಡು ಹಂತದ ಲೆಕ್ಕದಲ್ಲಿ ಮೊದಲ ಹಂತದ ನಂತರ ಆರೋಗ್ಯ ಕೆಟ್ಟೋ ಧೈರ್ಯಗೆಟ್ಟೋ ಎರಡನೆಯ ಹಂತಕ್ಕೆ ಬಾರದವರನ್ನು ಎಷ್ಟೋ ಸಲ ಮರೆತುಬಿಡುತ್ತಾರೆ. ಸೌಮ್ಯ ರೋಗಾಣುವಿನ ಮಂದ ಸೋಂಕಿಗೆ, ಅದರಲ್ಲೂ ಎರಡು ದೊಡ್ಡ ಅರಿವಳಿಕೆಗಳನ್ನು ತಾಳಲಾರದ ವಯಸ್ಸಾದವರಿಗೆ, ಒಂದೇ ಹಂತದ ಕಡೆಗೆ ತಕ್ಕಡಿ ವಾಲುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಔಷಧಕ್ಕೆ ಬಗ್ಗದ ರೋಗಾಣು, ಸೋರುವ ನಾಳ, ಗುರುತು ಸಿಗದ ಸೋಂಕು ಇವು ಇದ್ದಲ್ಲಿ ಎರಡು ಹಂತವೇ ಸುರಕ್ಷಿತ.

ಯಾವ ದಾರಿಯಾದರೂ, ಬಿಗಿಯಾಗಿ ಕೂತ ಲೋಹದ ದಂಡವನ್ನು ಮೂಳೆಯಿಂದ ಬಿಡಿಸುವುದು ಶಸ್ತ್ರವೈದ್ಯರ ತಾಳ್ಮೆಯನ್ನು ಪರೀಕ್ಷಿಸುವ ಕೆಲಸ. ಕೆಲವೊಮ್ಮೆ ತೋಳಿನ ಮೂಳೆಯನ್ನು ಉದ್ದಕ್ಕೆ ಸೀಳಿ, ದಂಡವನ್ನು ಹೊರತೆಗೆದು, ತಂತಿಯಿಂದ ಮತ್ತೆ ಕಟ್ಟಬೇಕಾಗುತ್ತದೆ. ಹತ್ತಿರದಲ್ಲೇ ಹಾದುಹೋಗುವ ಆಕ್ಸಿಲರಿ ನರಕ್ಕೆ ಪೆಟ್ಟಾದರೆ ಡೆಲ್ಟಾಯ್ಡ್ ಸ್ನಾಯುವಿನ ಬಲ ಹೋಗುತ್ತದೆ, ಆಗ ರಿವರ್ಸ್ ಕೀಲು ಕೂಡ ಕೈಯನ್ನು ಎತ್ತಲಾರದು.

ನಿರೀಕ್ಷೆಯಿಲ್ಲದೆ ಬರುವ ವರದಿಯೊಂದು ಭುಜದಲ್ಲಿ ಪದೇ ಪದೇ ಎದುರಾಗುವ ಸಂಗತಿ. ಸೋಂಕಿನ ಅನುಮಾನವೇ ಇಲ್ಲದೆ, ಕೇವಲ ಸಡಿಲವಾದ ಅಥವಾ ಸವೆದ ಕೀಲೆಂದು ಬದಲಿಸಿ ರೋಗಿಯನ್ನು ಮನೆಗೆ ಕಳುಹಿಸಿದ ಮೇಲೆ, ಹತ್ತು ಹನ್ನೆರಡು ದಿನಗಳಿಗೆ ಲ್ಯಾಬ್‌ನಿಂದ ಕ್ಯುಟಿಬ್ಯಾಕ್ಟೀರಿಯಂ ಬೆಳೆದಿದೆ ಎಂಬ ಸುದ್ದಿ ಬರುತ್ತದೆ. ಒಂದೇ ಮಾದರಿಯಲ್ಲಿ ಬೆಳೆದು ಬೇರೆ ಯಾವ ಸೂಚನೆಯೂ ಇಲ್ಲದಿದ್ದರೆ ಅನೇಕರು ಗಮನಿಸುತ್ತ ಕಾಯುತ್ತಾರೆ. ಹಲವು ಮಾದರಿಗಳಲ್ಲಿ ಬೆಳೆದಿದ್ದರೆ, ಆಗಿರುವ ಶಸ್ತ್ರಚಿಕಿತ್ಸೆಯನ್ನೇ ಒಂದು ಹಂತದ ಚಿಕಿತ್ಸೆಯೆಂದು ಪರಿಗಣಿಸಿ ಔಷಧ ಕೊಡುತ್ತಾರೆ. ಗಾಬರಿಯಿಂದ ಮತ್ತೆ ಭುಜ ತೆರೆಯಬೇಕಾದ ಪ್ರಸಂಗ ವಿರಳ.

ಯಾವ ಔಷಧ, ಎಷ್ಟು ದಿನ

ಕಲ್ಚರ್ ವರದಿಯಲ್ಲಿ ರೋಗಾಣುವಿನ ಹೆಸರಿನ ಜೊತೆಗೆ ಯಾವ ಔಷಧಕ್ಕೆ ಅದು ಸಾಯುತ್ತದೆಂಬ ಪಟ್ಟಿಯೂ ಇರುತ್ತದೆ. ಕ್ಯುಟಿಬ್ಯಾಕ್ಟೀರಿಯಂ ಸಾಮಾನ್ಯವಾಗಿ ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುತ್ತದೆ. ಕ್ಲಿಂಡಮೈಸಿನ್‌ಗೆ ಕೆಲವು ತಳಿಗಳು ಪ್ರತಿರೋಧ ಬೆಳೆಸಿಕೊಂಡಿವೆ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಎಂದೊಡನೆ ನಮ್ಮಲ್ಲಿ ಕೈ ಹೋಗುವುದು ಮೆಟ್ರೊನಿಡಜೋಲ್ ಕಡೆಗೆ. ಈ ಬ್ಯಾಕ್ಟೀರಿಯಾದ ಮೇಲೆ ಅದು ಕೆಲಸ ಮಾಡುವುದಿಲ್ಲ. ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫಿಲೊಕಾಕಸ್ ಇದ್ದರೆ ವ್ಯಾಂಕೊಮೈಸಿನ್ ಬೇಕಾಗುತ್ತದೆ, ಆಗ ರಕ್ತದಲ್ಲಿ ಔಷಧದ ಮಟ್ಟವನ್ನೂ ಮೂತ್ರಪಿಂಡದ ಸ್ಥಿತಿಯನ್ನೂ ಅಳೆಯುತ್ತಿರಬೇಕು.

ಇಂಪ್ಲಾಂಟ್ ಉಳಿಸಿಕೊಂಡ ಸ್ಟೆಫಿಲೊಕಾಕಸ್ ಸೋಂಕಿನಲ್ಲಿ ರಿಫಾಂಪಿಸಿನ್‌ಗೆ ವಿಶೇಷ ಸ್ಥಾನವಿದೆ, ಏಕೆಂದರೆ ಅದು ಬಯೋಫಿಲ್ಮಿನೊಳಗಿನ ನಿಧಾನಗತಿಯ ಬ್ಯಾಕ್ಟೀರಿಯಾಗಳನ್ನೂ ಮುಟ್ಟಬಲ್ಲದು. ಒಂಟಿಯಾಗಿ ಕೊಟ್ಟರೆ ರೋಗಾಣು ಬೇಗನೆ ಪ್ರತಿರೋಧ ಗಳಿಸುವುದರಿಂದ ಇನ್ನೊಂದು ಔಷಧದ ಜೊತೆಗೇ ಕೊಡಬೇಕು. ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಕಾಗಿಲ್ಲ. ಆದರೆ ರಕ್ತ ತೆಳುವಾಗಿಸುವ ವಾರ್ಫರಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಗರ್ಭನಿರೋಧಕ ಮಾತ್ರೆಗಳ ಪರಿಣಾಮವನ್ನು ಇದು ತಗ್ಗಿಸುತ್ತದೆ, ಯಕೃತ್ತಿನ ಪರೀಕ್ಷೆಯೂ ಬೇಕಾಗುತ್ತದೆ. ಇದು ಕ್ಷಯರೋಗದ ಪ್ರಮುಖ ಔಷಧವೂ ಆಗಿರುವುದರಿಂದ, ಗುರುತಿಸದ ಕ್ಷಯ ಒಳಗಿದ್ದರೆ ಅರೆಬರೆ ಚಿಕಿತ್ಸೆ ದೊರೆತು ಆ ರೋಗಾಣು ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ಮೊದಲೇ ಕ್ಷಯದ ಪರೀಕ್ಷೆ ಮಾಡಿಸುವುದಕ್ಕೆ ಇದೊಂದು ಹೆಚ್ಚಿನ ಕಾರಣ.

ಆರು ವಾರ ರಕ್ತನಾಳದ ಮೂಲಕವೇ ಔಷಧ ಕೊಡಬೇಕೆಂಬುದು ಹಿಂದಿನ ನಂಬಿಕೆ. ಬ್ರಿಟನ್ನಿನ 26 ಕೇಂದ್ರಗಳಲ್ಲಿ ಮೂಳೆ ಮತ್ತು ಕೀಲಿನ ಸೋಂಕಿದ್ದ 1,054 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಓವಿವಾ ಅಧ್ಯಯನ ಇದನ್ನು ಪ್ರಶ್ನಿಸಿತು. ಮೊದಲ ವಾರದೊಳಗೇ ಮಾತ್ರೆಗೆ ಬದಲಾದವರಲ್ಲಿ ಒಂದು ವರ್ಷದ ಹೊತ್ತಿಗೆ ಚಿಕಿತ್ಸೆ ವಿಫಲವಾದದ್ದು ಶೇ 13.2, ರಕ್ತನಾಳದ ಮೂಲಕವೇ ಪಡೆದವರಲ್ಲಿ ಶೇ 14.6, ಅಂದರೆ ತಕ್ಕ ಮಾತ್ರೆ ಇದ್ದರೆ ಅದು ಇಂಜೆಕ್ಷನ್ನಿಗಿಂತ ಕೀಳಲ್ಲ. ತಾಲ್ಲೂಕು ಕೇಂದ್ರದಿಂದ ನಗರದ ಆಸ್ಪತ್ರೆಗೆ ಬಂದು, ದಿನವೂ ಎರಡು ಹೊತ್ತು ಇಂಜೆಕ್ಷನ್ನಿಗಾಗಿ ಅಲ್ಲೇ ಉಳಿಯಬೇಕಾದ ಕುಟುಂಬಗಳಿಗೆ ಈ ಫಲಿತಾಂಶದ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಔಷಧದ ಅವಧಿಯ ವಿಷಯದಲ್ಲಿ ಮಾತ್ರ ಅಷ್ಟು ಉದಾರವಾಗುವಂತಿಲ್ಲ. ಫ್ರಾನ್ಸಿನಲ್ಲಿ ಸೊಂಟ ಮತ್ತು ಮಂಡಿಯ ಸೋಂಕಿತ ಬದಲಿ ಕೀಲುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಡಾಟಿಪೊ ಅಧ್ಯಯನದಲ್ಲಿ 6 ವಾರ ಔಷಧ ಪಡೆದವರಲ್ಲಿ ಶೇ 18.1ರಷ್ಟು ಮಂದಿಗೆ ಸೋಂಕು ಉಳಿಯಿತು. 12 ವಾರ ಪಡೆದವರಲ್ಲಿ ಆ ಪ್ರಮಾಣ ಶೇ 9.4. ಅಧ್ಯಯನದಲ್ಲಿ ಭುಜ ಇರಲಿಲ್ಲವೆಂಬುದನ್ನು ನೆನಪಿಟ್ಟೇ ಇದನ್ನು ಓದಬೇಕು. ಆದರೂ ಇಂಪ್ಲಾಂಟ್ ಉಳಿಸಿಕೊಂಡವರಿಗೆ ಅಥವಾ ಒಂದೇ ಹಂತದಲ್ಲಿ ಬದಲಿಸಿದವರಿಗೆ ತಜ್ಞರು ಮೂರು ತಿಂಗಳವರೆಗೆ ಔಷಧ ಮುಂದುವರಿಸುವುದರ ಹಿಂದಿನ ತರ್ಕ ಇದರಿಂದ ತಿಳಿಯುತ್ತದೆ.

ಹೊಸ ಕೀಲು ಹಾಕಲಾಗದ ಸ್ಥಿತಿಯೂ ಕೆಲವರಿಗೆ ಬರುತ್ತದೆ. ಮೂಳೆ ಕರಗಿಹೋಗಿರಬಹುದು, ಹೃದಯ ಇನ್ನೊಂದು ಶಸ್ತ್ರಚಿಕಿತ್ಸೆಯನ್ನು ತಾಳದಿರಬಹುದು, ಅಥವಾ ರೋಗಿಯೇ ಸಾಕೆನ್ನಬಹುದು. ನೋವು ತಗ್ಗಿ ಊಟಮಾಡಲು, ಬಟ್ಟೆ ತೊಡಲು ಕೈ ಬಂದರೆ ಸಿಮೆಂಟಿನ ತಾತ್ಕಾಲಿಕ ಕೀಲನ್ನೇ ವರ್ಷಗಟ್ಟಲೆ ಬಿಟ್ಟವರಿದ್ದಾರೆ. ಅದು ಮುರಿಯುವ, ಜಾರುವ ಸಂಭವ ಮಾತ್ರ ಇದ್ದೇ ಇರುತ್ತದೆ. ಏನನ್ನೂ ಹಾಕದೆ ಕೀಲಿನ ಜಾಗವನ್ನು ಖಾಲಿ ಬಿಡುವುದು ಇನ್ನೊಂದು ದಾರಿ: ಸೋಂಕು ಹೋಗುತ್ತದೆ, ನೋವು ಹೆಚ್ಚಿನವರಲ್ಲಿ ತಗ್ಗುತ್ತದೆ, ಆದರೆ ಕೈ ಭುಜದ ಮಟ್ಟಕ್ಕೂ ಏರುವುದಿಲ್ಲ. ಇಂಪ್ಲಾಂಟ್ ಒಳಗೇ ಇರಿಸಿ, ಸೋಂಕನ್ನು ಅದುಮಿಡಲು ಸಣ್ಣ ಪ್ರಮಾಣದ ಆ್ಯಂಟಿಬಯೋಟಿಕ್ಕನ್ನು ಜೀವನಪೂರ್ತಿ ಕೊಡುವುದೂ ಉಂಟು. ಇದು ಗುಣಪಡಿಸುವ ಚಿಕಿತ್ಸೆಯಲ್ಲ ಎಂಬುದನ್ನು ರೋಗಿಗೂ ಮನೆಯವರಿಗೂ ಮೊದಲೇ ಸ್ಪಷ್ಟಪಡಿಸುವುದು ವೈದ್ಯರ ಕರ್ತವ್ಯ.

ತಡೆಯುವ ವಿಷಯದಲ್ಲಿ ಸರಳವಾದ ಕೆಲವು ಕ್ರಮಗಳಿಗೆ ಆಧಾರವಿದೆ. ಮೊಡವೆಗೆ ಹಚ್ಚುವ ಶೇ 5ರ ಬೆಂಜಾಯ್ಲ್ ಪೆರಾಕ್ಸೈಡ್ ಜೆಲ್ಲನ್ನು ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ಮೂರು ದಿನ ಭುಜ ಮತ್ತು ಕಂಕುಳಿಗೆ ಹಚ್ಚಿಕೊಂಡರೆ ಅದು ಎಣ್ಣೆ ಗ್ರಂಥಿಗಳೊಳಗೆ ಇಳಿದು ಕ್ಯುಟಿಬ್ಯಾಕ್ಟೀರಿಯಂ ಸಂಖ್ಯೆಯನ್ನು ಚೆನ್ನಾಗಿ ತಗ್ಗಿಸುತ್ತದೆ. ಬಣ್ಣದ ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ, ಕೆಲವರಿಗೆ ಚರ್ಮ ಉರಿಯುತ್ತದೆ. ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಸೆಫಜೊಲಿನ್ ಇಂಜೆಕ್ಷನ್ ಕೊಡಬೇಕು. ಪೆನಿಸಿಲಿನ್ ಅಲರ್ಜಿ ಎಂದು ಕಡತದಲ್ಲಿ ಬರೆದಿರುವುದರಿಂದಲೇ ಅದನ್ನು ಕೈಬಿಟ್ಟು ದುರ್ಬಲ ಪರ್ಯಾಯಕ್ಕೆ ಹೋಗುವುದುಂಟು. ಬಾಲ್ಯದ ಯಾವುದೋ ದದ್ದಿನ ನೆನಪಿನ ಮೇಲೆ ನಿಂತ ಆ ಟಿಪ್ಪಣಿಯನ್ನು ಪರೀಕ್ಷಿಸಿ ನೋಡುವುದು ಸಾರ್ಥಕ. ಸಕ್ಕರೆ ಕಾಯಿಲೆ ಹತೋಟಿಗೆ ಬರುವವರೆಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು, ಬೀಡಿ ಸಿಗರೇಟು ಬಿಡುವುದು, ಭುಜಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಸುಮಾರು ಮೂರು ತಿಂಗಳು ಕಾಯುವುದು ಇವೂ ಸೇರಿವೆ.

ಸೋಂಕಿಗೆ ಚಿಕಿತ್ಸೆ ಪಡೆದವರು ಕನಿಷ್ಠ ಎರಡು ವರ್ಷ ನಿಯಮಿತವಾಗಿ ಎಕ್ಸ್‌ರೇ ಮತ್ತು ತಪಾಸಣೆಗೆ ಹೋಗಬೇಕು, ಏಕೆಂದರೆ ನಿಧಾನವಾಗಿ ಬೆಳೆಯುವ ರೋಗಾಣು ಮರುಕಳಿಸಲು ಸಹ ನಿಧಾನಿಸುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಡಿಸ್ಚಾರ್ಜ್ ಸಾರಾಂಶದ ಜೊತೆಗೆ ಮೂರು ಕಾಗದಗಳನ್ನು ಕೇಳಿ ಪಡೆದಿಟ್ಟುಕೊಳ್ಳಬೇಕು: ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಇಂಪ್ಲಾಂಟಿನ ಕಂಪನಿ ಮತ್ತು ಅಳತೆಯಿರುವ ಸ್ಟಿಕ್ಕರ್ ಹಾಳೆ, 14 ದಿನಗಳ ಅಂತಿಮ ಕಲ್ಚರ್ ವರದಿ. ಈ ಮೂರನೆಯದು ರೋಗಿ ಮನೆ ಸೇರಿದ ಮೇಲೆ ಸಿದ್ಧವಾಗುವುದರಿಂದ ಅದನ್ನು ಯಾರೂ ತಂದುಕೊಡುವುದಿಲ್ಲ. ಫೋನ್ ಮಾಡಿಯೋ ಹೋಗಿಯೋ ಕೇಳಿ ಪಡೆಯಬೇಕು. ಮುಂದೆ ಆ ಕೀಲಿಗೆ ಮತ್ತೆ ಕೈ ಹಾಕಬೇಕಾಗಿ ಬಂದರೆ, ಯಾವ ಉಪಕರಣದಿಂದ ಅದನ್ನು ಬಿಡಿಸಬೇಕು, ಯಾವ ಔಷಧವನ್ನು ಸಿಮೆಂಟಿಗೆ ಬೆರೆಸಬೇಕು ಎಂಬುದನ್ನು ಬೇರೆ ಊರಿನ ಶಸ್ತ್ರವೈದ್ಯರು ಈ ಮೂರು ಕಾಗದಗಳನ್ನು ನೋಡಿಯೇ ನಿರ್ಧರಿಸುತ್ತಾರೆ.